ಪುಟಾಣಿಗೆ ಕೂದಲು ಬಂದ ಸಂಗತಿ

ಮಹದೇವಪುರ, ಬೆಂಗಳೂರು
4-2-2024

ಪ್ರೀತಿಯ ಗಂಗಾ,

ನಿನ್ನ ನಾಗು ಇನ್ನೂ ಇದ್ದಾಳೆ, ಗಾಬರಿಯಾಗಬೇಡ. ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಬೈಸಿಕೊಳ್ಳುವಂಥ ತಪ್ಪೇ. ಫೋನ್ ಮಾಡೋಣವೆಂದರೆ ನಿನ್ನ ಕಿವಿಗೆ ಅದು ಒಗ್ಗುವುದಿಲ್ಲ. ವಾಟ್ಸಾಪ್‌ನಲ್ಲಿ ಬರೆಯೋಣವೆಂದರೆ ನಿನ್ನ ಫೋನು ಸದಾ ಮೊಮ್ಮಗನ ಕೈಯಲ್ಲಿ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಧಾರವಾಡದ ಟ್ರೈನಿಂಗ್ ಕಾಲೇಜಿನ ಹಾಸ್ಟೆಲ್ ಬಿಟ್ಟಾಗಿನಿಂದ ನಾವಿಬ್ಬರೂ ಜಗಳವಾಡಿದ್ದು ಕಾಗದದಲ್ಲೇ, ರಾಜಿಯಾದದ್ದೂ ಕಾಗದದಲ್ಲೇ.

ರಾಣೆಬೆನ್ನೂರಿನಲ್ಲಿ ಎಲ್ಲರೂ ಹೇಗಿದ್ದೀರಿ? ದ್ಯಾಮಣ್ಣನವರು ಈಗಲೂ ಊಟವಾದ ಮೇಲೆ ನಿನ್ನ ಕಣ್ಣು ತಪ್ಪಿಸಿ ಎಲೆಯಡಿಕೆ ಹಾಕುತ್ತಾರೆಯೇ? ಅವರಿಗೆ ನನ್ನ ನಮಸ್ಕಾರ ತಿಳಿಸು.

ಇಲ್ಲಿಯ ಸುದ್ದಿಯೆಂದರೆ ನಮ್ಮ ಮನೆಗೆ ಒಂದು ನಾಯಿಮರಿ ಬಂದಿದೆ. ನಗಬೇಡ. ಹಾಸ್ಟೆಲಿನ ಗೇಟಿನಲ್ಲಿ ನಾಯಿ ಮಲಗಿದ್ದರೆ ನಿನ್ನ ಸೆರಗು ಹಿಡಿದುಕೊಂಡು ದಾಟುತ್ತಿದ್ದವಳು ನಾನು. ತಂದವಳು ಮಗಳು ದೀಪಶ್ರೀ. ನೀನು ನೋಡಿದಾಗ ಎರಡು ಜಡೆಯ ಹುಡುಗಿ, ಈಗ ಐಟಿಪಿಎಲ್ ಕಡೆಯ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ಅವಳ ಆಫೀಸಿನ ಹಿಂದಿನ ರಸ್ತೆಯಲ್ಲಿ ತಾಯಿ ನಾಯಿ ನೀರಿನ ಟ್ಯಾಂಕರಿಗೆ ಸಿಕ್ಕಿ ಸತ್ತಿತ್ತಂತೆ. ಮರಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಬಂದು ನನ್ನ ಮಡಿಲಿಗೇ ಹಾಕಿದಳು. ಹುರಿಗಡಲೆಯ ಬಣ್ಣ, ಅಂಗೈಯಗಲದ ಹೊಟ್ಟೆ. ಪುಟಾಣಿ ಎಂದು ಅವಳೇ ಹೆಸರಿಟ್ಟಳು.

ನೀನು ಬಂದಾಗ ಇದ್ದ ನಮ್ಮ ಹೆಂಚಿನ ಮನೆ ಈಗಿಲ್ಲ. ಮನೆಯನ್ನೂ ಹಿಂದಿನ ರಾಗಿ ಹೊಲವನ್ನೂ ಸೇರಿಸಿ ನಮ್ಮ ಮನೆಯವರು ನಾಲ್ಕು ಮಹಡಿ ಎಬ್ಬಿಸಿದ್ದಾರೆ. ಮೊದಲ ಮಹಡಿಯಲ್ಲಿ ನಾವು, ಮಿಕ್ಕದ್ದರಲ್ಲಿ ಬಾಡಿಗೆಯವರು, ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಒಂದು ಸಣ್ಣ ರೂಮು. ಮರಿ ಎಲ್ಲ ಮಹಡಿಯ ಮೆಟ್ಟಿಲನ್ನೂ ತನ್ನದೇ ಎನ್ನುವಂತೆ ಹತ್ತಿ ಇಳಿಯುತ್ತಿತ್ತು. ಬಾಡಿಗೆಯವರ ಮಕ್ಕಳು ಸ್ಕೂಲಿನಿಂದ ಬಂದರೆ ಮೊದಲು ಅದರ ಹತ್ತಿರ ಓಡುತ್ತಿದ್ದರು.

ಆಮೇಲೆ ಅದರ ಕಣ್ಣಿನ ಸುತ್ತ ಕೂದಲು ಉದುರತೊಡಗಿತು. ಮೊದಲು ಕನ್ನಡಕ ಹಾಕಿದ ಹಾಗೆ, ನಂತರ ಬಾಯಿಯ ಅಂಚಿನಲ್ಲಿ, ಮುಂಗಾಲಿನ ಬೆರಳುಗಳ ಮೇಲೆ. ಚರ್ಮ ಬೂದುಬಣ್ಣಕ್ಕೆ ತಿರುಗಿ ದಪ್ಪವಾಯಿತು. ಮಕ್ಕಳು ಬರುವುದು ನಿಂತಿತು. ಯಾರೋ ಬಾಡಿಗೆಯವರ ಗ್ರೂಪಿನಲ್ಲಿ ಅದರ ಫೋಟೋ ಹಾಕಿ, ಇದನ್ನು ಮೆಟ್ಟಿಲ ಮೇಲೆ ಬಿಡಬೇಡಿ ಎಂದು ಬರೆದರು.

ಪಕ್ಕದ ಬೀದಿಯಲ್ಲಿರುವ ನನ್ನ ನಾದಿನಿ ಅಂಜಿನಮ್ಮ ಒಂದು ದಿನ ಬಂದವಳು ಬಾಗಿಲಲ್ಲೇ ನಿಂತಳು.

"ಅತ್ಗೆ, ಇದು ಕಜ್ಜಿನಾಯಿ. ಒಳಗಿಟ್ಕಂಡ್ರೆ ಎಲ್ರಿಗೂ ಅಂಟ್ತೈತೆ. ಗ್ಯಾರೇಜ್ನಾಗೆ ಸುಟ್ಟ ಆಯಿಲ್ ಸಿಕ್ತೈತೆ, ತಂದು ಬಳೀರಿ. ಇಲ್ಲಾಂದ್ರೆ ಕೆರೆ ತಾವ ಬಿಟ್ಬುಡಿ," ಎಂದಳು.

ದೀಪಶ್ರೀ ರೂಮಿನಿಂದ ಎದ್ದು ಬಂದಳು. "ಅತ್ತೆ, ಹುಷಾರಿಲ್ಲ ಅಂತ ಯಾರನ್ನಾದ್ರೂ ಮನೆಯಿಂದ ಆಚೆ ಹಾಕ್ತಾರಾ? ನಾನಂತೂ ಬಿಡಲ್ಲ."

"ಅಂಗಲ್ಲ ಕಣವ್ವ, ನೋಡ್ದೋರು ಏನಂತಾರೆ ಅಂತ," ಎಂದು ಅಂಜಿನಮ್ಮ ರಾಗ ಎಳೆದಳು. ಅವಳ ಕಣ್ಣು ಮರಿಯ ಮುಖದಿಂದ ನನ್ನ ಮುಖಕ್ಕೆ ಬಂತು, ಆಮೇಲೆ ನೆಲಕ್ಕೆ ಹೋಯಿತು. ಅವಳ ತಪ್ಪೇನೂ ಇಲ್ಲ. ಮರಿಗೆ ಎಲ್ಲೆಲ್ಲಿ ಕೂದಲು ಹೋಗಿತ್ತೋ ನನಗೆ ಅಲ್ಲಲ್ಲೇ ಬಣ್ಣ ಹೋಗಿದೆಯಲ್ಲ, ಗಂಗಾ.

ದೀಪಶ್ರೀ ಹುಟ್ಟಿದ ವರ್ಷ ತುಟಿಯಂಚಿನಲ್ಲಿ ಅವರೆಕಾಳಿನಷ್ಟು ಬಿಳಿ ಕಂಡಾಗ ನಾನು ಮೊದಲು ಬರೆದದ್ದು ನಿನಗೇ. ಶಾಲೆಯಲ್ಲಿ ಆ ತೊನ್ನು ನನ್ನನ್ನು ಅಷ್ಟು ಕಾಡಲಿಲ್ಲ. ಜೂನ್ ತಿಂಗಳಲ್ಲಿ ಹೊಸ ಮಕ್ಕಳು, "ಮಿಸ್, ನಿಮ್ ಕೈಗೆ ಏನಾಯ್ತು?" ಎಂದು ಕೇಳುತ್ತಿದ್ದರು. "ಬಣ್ಣ ಹೋಗಿದೆ ಕಣ್ರೋ, ಅಷ್ಟೆ. ಅಂಟಲ್ಲ," ಎನ್ನುತ್ತಿದ್ದೆ. ಮಾರನೆಯ ದಿನಕ್ಕೆ ಅವರಿಗೆ ಮರೆತೇ ಹೋಗುತ್ತಿತ್ತು. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ ಏಕೋ ಅದು ನನ್ನ ಕಣ್ಣಿಗೇ ಮತ್ತೆ ಕಾಣತೊಡಗಿದೆ. ಬಾಡಿಗೆಯವರು ಬಾಗಿಲು ತಟ್ಟಿದರೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಹೋಗುತ್ತೇನೆ.

ಈಗ ಹೇಳುವುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಂಜಿನಮ್ಮ ಹೋದ ಮೇಲೆ ನಾನು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ನನ್ನ ಮಚ್ಚೆಗಳಿಗೆಂದು ಡಾಕ್ಟರು ಕೊಟ್ಟಿದ್ದ ಮುಲಾಮನ್ನು ಮರಿಯ ಮುಖಕ್ಕೆ ಹಚ್ಚತೊಡಗಿದೆ. ಚರ್ಮದ ಔಷಧ ಚರ್ಮಕ್ಕೆ ಆಗುತ್ತದೆ ಎಂಬ ಬುದ್ಧಿ. ಹತ್ತಿ ಸುತ್ತಿದ ಕಡ್ಡಿಯಲ್ಲಿ ಹಚ್ಚುತ್ತಿದ್ದೆ, ಕೈ ತಾಗಿಸುತ್ತಿರಲಿಲ್ಲ. ಮೊದಲೆರಡು ದಿನ ಕೆಂಪು ಇಳಿಯಿತು. ಆಮೇಲೆ ಕೆನ್ನೆ, ಕತ್ತು, ಎದೆ ಎಲ್ಲ ಕಡೆ ಹಬ್ಬಿ ಕೀವುಗುಳ್ಳೆ ಎದ್ದು ವಾಸನೆ ಬರತೊಡಗಿತು. ನಾನು ಇನ್ನಷ್ಟು ಹಚ್ಚಿದೆ.

ಕೊನೆಗೆ ದೀಪಶ್ರೀ ರಜೆ ಹಾಕಿ ಹೂಡಿಯ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಡಾಕ್ಟರ ಹೆಸರು ರುದ್ರೇಶ್, ದಾವಣಗೆರೆ ಕಡೆಯವರು. ಮರಿಯ ಚರ್ಮವನ್ನು ಬೆರಳಲ್ಲಿ ಹಿಂಡಿ, ಬ್ಲೇಡಿನಿಂದ ರಕ್ತ ಜಿನುಗುವಷ್ಟು ಕೆರೆದು, ಗಾಜಿನ ಪಟ್ಟಿಯ ಮೇಲೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನನಗೂ ತೋರಿಸಿದರು. ಬೀಡಿಯ ತುಂಡಿನಂಥ ಉದ್ದನೆಯ ಜೀವಗಳು, ತಲೆಯ ಹತ್ತಿರ ಮೋಟು ಕಾಲುಗಳು. ಒಂದೆರಡಲ್ಲ.

"ಇದು ನುಸಿ ಮೇಡಂ. ಎಲ್ಲಾ ನಾಯಿ ಮೈಯಲ್ಲೂ ಸ್ವಲ್ಪ ಇರುತ್ತೆ. ಹುಟ್ಟಿದ ಮೊದಲ ದಿನಗಳಲ್ಲಿ ಹಾಲು ಕುಡಿಯುವಾಗ ತಾಯಿಯಿಂದಾನೇ ಮರಿಗೆ ಬರುತ್ತೆ. ಮರಿಗೆ ಶಕ್ತಿ ಇದ್ರೆ ಏನೂ ಆಗಲ್ಲ. ಇಲ್ಲದಿದ್ರೆ ಹೀಗೆ ಏಳುತ್ತೆ," ಎಂದರು.

ತಾಯಿಯಿಂದ ಎಂದಾಗ ದೀಪಶ್ರೀ ತನ್ನ ಬೆರಳ ತುದಿಗಳನ್ನು ನೋಡಿಕೊಂಡಳು. ನನಗೆ ಕಾಣಲಿಲ್ಲ ಎಂದು ಅವಳು ಅಂದುಕೊಂಡಿರಬೇಕು.

ನಾನು ಕೇಳಿದ್ದೇನು ಗೊತ್ತೇ? "ಮನುಷ್ಯರಿಗೆ ಅಂಟುತ್ತಾ ಡಾಕ್ಟ್ರೇ?" "ಇಲ್ಲಮ್ಮ, ಈ ಜಾತಿ ನುಸಿ ಅಂಟಲ್ಲ," ಎಂದರು. ಔಷಧ ಬರೆಯುವಾಗ ಮತ್ತೆ ಕೇಳಿದೆ. ಹೊರಡುವಾಗ ಮತ್ತೊಮ್ಮೆ. ಅವರು ಬೇಸರಪಡದೆ ಅದೇ ಮಾತು ಹೇಳಿದರು. ವರ್ಷವರ್ಷವೂ ಮಕ್ಕಳಿಗೆ ಅದೇ ಮಾತು ಹೇಳಿ, ನಂಬದ ದೊಡ್ಡವರ ಮುಖ ನೋಡಿ ಸಂಕಟಪಟ್ಟವಳು ನಾನು. ಆಟೋದಲ್ಲಿ ಮರಿಯನ್ನು ಮಡಿಲಿಗೆ ಹಾಕಿಕೊಳ್ಳುವಾಗ ಟವೆಲ್ಲನ್ನು ಇನ್ನೊಂದು ಮಡಿಕೆ ಮಡಿಸಿದೆ.

ಇನ್ನೂ ಒಂದಿದೆ. "ಏನಾದ್ರೂ ಹಚ್ಚಿದ್ರಾ? ಕ್ರೀಮು, ಮುಲಾಮು?" ಎಂದು ಡಾಕ್ಟರು ಕೇಳಿದರು. ಮಗಳು ಪಕ್ಕದಲ್ಲೇ ಇದ್ದಳು. "ಕೊಬ್ಬರಿ ಎಣ್ಣೆ ಅಷ್ಟೆ," ಎಂದುಬಿಟ್ಟೆ.

ಮಾರನೆಯ ದಿನ ತರಕಾರಿಗೆಂದು ಹೇಳಿ ಒಬ್ಬಳೇ ಕ್ಲಿನಿಕ್ಕಿಗೆ ಹೋದೆ. ಬೇರೆಯವರ ಬೆಕ್ಕು, ನಾಯಿ ಎಲ್ಲ ಮುಗಿಯುವ ತನಕ ಬೆಂಚಿನ ಮೇಲೆ ಕೂತಿದ್ದು, ಒಳಗೆ ಹೋಗಿ ಬ್ಯಾಗಿನಿಂದ ಟ್ಯೂಬ್ ತೆಗೆದು ಮೇಜಿನ ಮೇಲಿಟ್ಟೆ. ಅವರು ಅದರ ಮೇಲಿನ ಸಣ್ಣ ಅಕ್ಷರ ಓದಿದರು. "ಇದರಲ್ಲಿ ಸ್ಟಿರಾಯ್ಡ್ ಇದೆಯಮ್ಮ. ನುಸಿ ಇರೋ ಜಾಗಕ್ಕೆ ಇದನ್ನ ಹಚ್ಚೋದು ಅಂದ್ರೆ ಕಳೆಗೆ ಗೊಬ್ಬರ ಹಾಕಿದ ಹಾಗೆ. ಇವತ್ತೇ ನಿಲ್ಸಿ. ಬಂದು ಹೇಳಿದ್ದು ಒಳ್ಳೇದಾಯ್ತು," ಎಂದರು. ಟ್ಯೂಬ್ ಯಾರದು ಎಂದು ಕೇಳಲಿಲ್ಲ. ಮೇಜಿನ ಮೇಲಿದ್ದ ನನ್ನ ಕೈಯನ್ನು ನೋಡದಿರಲು ಕ್ಯಾಲೆಂಡರು ನೋಡಿದರು. ಕೇಳಿದ್ದರೆ ವಾಸಿಯಿತ್ತು.

ಈಗ ತಿಂಗಳಿಗೊಂದು ಮಾತ್ರೆ, ಕೀವಿಗೆ ಬೇರೆ ಮಾತ್ರೆ, ವಾರಕ್ಕೊಮ್ಮೆ ಔಷಧದ ಶಾಂಪೂ ಸ್ನಾನ. ಸ್ನಾನ ಮಾಡಿಸುವವಳು ನಾನು, ಮನೆಯಲ್ಲಿರುವವಳು ನಾನೇ ತಾನೇ. ಎರಡೂ ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳುತ್ತೇನೆ. ಅಂಟುವುದಿಲ್ಲ ಎಂದು ಗೊತ್ತಿದ್ದೂ ಹಾಕಿಕೊಳ್ಳುತ್ತೇನೆ.

ನಿನ್ನ ಮೊಮ್ಮಗನಿಗೆ ನನ್ನ ಆಶೀರ್ವಾದ. ಬೇಗ ಬರಿ, ನನ್ನ ಹಾಗೆ ಮಾಡಬೇಡ.

ನಿನ್ನ
ನಾಗು


ಮಹದೇವಪುರ
12-5-2024

ಪ್ರೀತಿಯ ಗಂಗಾ,

ನಿನ್ನ ಕಾಗದ ಯುಗಾದಿಗೆ ಮೊದಲೇ ಬಂದಿತ್ತು. ಈ ಸಲವೂ ನಾನೇ ತಡ. "ಹುಚ್ಚಿ, ಆ ಮರಿನ್ನ ಬರೀಗೈಲೆ ಮುಟ್ಟೀಯೋ ಇಲ್ಲೋ, ಮೊದಲ ಅದನ್ನ ಬರಿ," ಎಂದು ಕಾಗದದ ತಲೆಯ ಮೇಲೇ ದೊಡ್ಡದಾಗಿ ಬರೆದಿದ್ದೆಯಲ್ಲ, ಅದನ್ನೇ ಮೊದಲು ಬರೆಯುತ್ತೇನೆ. ಮುಟ್ಟಿದೆ.

ನಿನಗೆ ಕಾಗದ ಹಾಕಿದ ಮೇಲಿನ ಎರಡನೆಯ ಸ್ನಾನದ ದಿನ. ತಾರಸಿಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಲ್ಲಿಸಿದ್ದೆ. ಶಾಂಪೂ ನೊರೆ ಹತ್ತು ನಿಮಿಷ ಮೈಮೇಲೇ ಇರಬೇಕು, ಅದು ನಡುಗುತ್ತಾ ಓಡಲು ನೋಡುತ್ತಿತ್ತು. ಕೂದಲಿಲ್ಲದ ಮೈ, ನೊರೆ, ರಬ್ಬರು, ಮೂರೂ ಸೇರಿ ಕೈಗೆ ಹಿಡಿತವೇ ಸಿಗಲಿಲ್ಲ. ಜಾರಿ ಕಲ್ಲಿನಿಂದ ಕೆಳಗೆ ಬಿತ್ತು. ಕುಯ್ಯೆನ್ನಲೂ ಇಲ್ಲ. ಬಿದ್ದಲ್ಲೇ ಮುದುಡಿಕೊಂಡು ನನ್ನನ್ನು ನೋಡಿತು, ಹೊಡೆಯುತ್ತಾಳೆ ಎನ್ನುವ ಹಾಗೆ. ಗ್ಲೌಸ್ ಕಿತ್ತೆಸೆದು ಎತ್ತಿಕೊಂಡೆ. ಎಷ್ಟು ಬಿಸಿಯಿತ್ತು ಗೊತ್ತೇ ಆ ಮೈ, ಜ್ವರ ಬಂದ ಮಗುವಿನ ಹಾಗೆ. ಎದೆಗೆ ಒತ್ತಿಕೊಂಡೆ, ಸೀರೆಯೆಲ್ಲ ನೊರೆಯಾಯಿತು.

ಅಂದಿನಿಂದ ಸ್ನಾನಕ್ಕೆ ಒಂದು ಉಪಾಯ ಮಾಡಿದೆ. ಹತ್ತು ನಿಮಿಷ ಕಳೆಯಲು ಅದಕ್ಕೆ ವಿಭಕ್ತಿ ಪ್ರತ್ಯಯ ಹೇಳಿಕೊಡುತ್ತೇನೆ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ನನ್ನ ಎಂಟನೆಯ ತರಗತಿಯ ಹಿಂದಿನ ಬೆಂಚಿನವರಿಗಿಂತ ಗಮನವಿಟ್ಟು ಕೇಳುತ್ತದೆ.

ಈ ಬೇಸಿಗೆ ಇಲ್ಲಿ ನೀರಿಗೆ ಬಂದ ಗತಿಯನ್ನು ಪೇಪರಿನಲ್ಲಿ ಓದಿರುತ್ತೀ. ನಮ್ಮ ಬೋರ್‌ವೆಲ್ ಶಿವರಾತ್ರಿಗೆ ಮೊದಲೇ ಕೈಕೊಟ್ಟಿತು. ಟ್ಯಾಂಕರಿಗೆ ಹೇಳಿದರೆ ಯಾವಾಗ ಬರುತ್ತದೋ ಅವರಿಗೇ ಗೊತ್ತಿಲ್ಲ. ಪ್ರತಿ ಮನೆಗೂ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ನೀರು ಬಿಡುತ್ತಿದ್ದೆವು. ಅಂಥದರಲ್ಲಿ ಮರಿಯ ಸ್ನಾನ. ಎರಡನೇ ಮಹಡಿಯ ಸ್ಫೂರ್ತಿ ಕೈಯಲ್ಲಿ ಮಗು ಎತ್ತಿಕೊಂಡೇ ತಾರಸಿಗೆ ಬಂದಳು. "ಆಂಟಿ, ನನ್ ಮಗೂಗೆ ಸ್ನಾನಕ್ಕೆ ನೀರಿಲ್ಲ. ನೀವು ನಾಯಿಗೆ ಶಾಂಪೂ ಹಾಕ್ತಿದ್ದೀರಾ?" ಎಂದಳು. ಜೋರು ಮಾಡಲಿಲ್ಲ, ಅಳುವ ಹಾಗೆ ಕೇಳಿದಳು. ಕಲ್ಲಿನ ಮೇಲಿದ್ದ ಇನ್ನೊಂದು ಬಕೆಟ್ಟನ್ನು ಅವಳ ಕಡೆ ಸರಿಸಿದೆ. ಅವಳು ಅದನ್ನೂ, ಮರಿಯ ಮೈಯನ್ನೂ ನೋಡಿ, "ಇರ್ಲಿ ಬಿಡಿ," ಎಂದು ಇಳಿದು ಹೋದಳು. ಆ ವಾರದಿಂದ ಮರಿಯ ಸ್ನಾನದ ದಿನ ನಾನು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡೆ. ನನ್ನ ಪಾಲಿನ ನೀರು ಅದಕ್ಕೆ. ನಮ್ಮ ಮನೆಯವರಿಗೆ ಅದು ಹೇಗೋ ಗೊತ್ತಾಯಿತು. ತಮ್ಮ ಬಕೆಟ್ಟಿನಲ್ಲಿ ಅರ್ಧ ನನಗೆಂದು ಬಚ್ಚಲಲ್ಲಿ ಇಟ್ಟು ಹೋಗುತ್ತಿದ್ದರು. ಗೋಪಾಲಪ್ಪನವರೆಂದರೆ ಊರಿನಲ್ಲಿ ಗಟ್ಟಿ ಮಾತಿನ ಮನುಷ್ಯ ಎನ್ನುತ್ತಾರೆ. ಆದರೆ ನನ್ನ ತೊನ್ನಿನ ಬಗ್ಗೆ ಇಷ್ಟು ವರ್ಷದಲ್ಲಿ ಒಂದು ಮಾತು ಆಡಿದವರಲ್ಲ.

ಎರಡನೇ ಮಾತ್ರೆಯ ಮೇಲೆ ಕೀವುಗುಳ್ಳೆ ಒಣಗಿತು. ಒಂದು ಬೆಳಿಗ್ಗೆ ಬಿಸಿಲಿಗೆ ಹಿಡಿದು ನೋಡಿದರೆ ಬೂದು ಚರ್ಮದ ಮೇಲೆ ರಾಗಿ ಪೈರು ಚಿಗುರಿದ ಹಾಗೆ ಸಣ್ಣ ಕೂದಲು. ದೀಪಶ್ರೀ ಆಫೀಸಿಗೆ ಹೊರಟವಳು ಬ್ಯಾಗು ಬಿಸಾಕಿ ಅದರ ಮೂತಿಗೆ ಮುತ್ತಿಟ್ಟಳು. ಡಾಕ್ಟರು ಮತ್ತೆ ಕೆರೆದು ನೋಡಿದರು, ನುಸಿ ಕಡಿಮೆಯಾಗಿತ್ತು. ಕೂದಲು ಬಂತೆಂದು ಔಷಧ ನಿಲ್ಲಿಸಬೇಡಿ, ಎರಡು ಸಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಮಾತ್ರ ವಾಸಿಯಾದ ಲೆಕ್ಕ ಎಂದರು. ಎರಡನೆಯ ಪರೀಕ್ಷೆ ಮೊನ್ನೆ ಮುಗಿಯಿತು. ಗಾಜಿನ ಪಟ್ಟಿಯ ಮೇಲೆ ಏನೂ ಇರಲಿಲ್ಲ. ಪುಟಾಣಿ ಈಗ ನಾಯಿಯ ಹಾಗೇ ಕಾಣುತ್ತದೆ. ಸ್ಫೂರ್ತಿಯ ಮಗು ಅದರ ಬಾಲ ಹಿಡಿದೇ ನಿಲ್ಲಲು ಕಲಿತಿದೆ.

ಇನ್ನೊಂದು ಸುದ್ದಿ, ಇದು ದೊಡ್ಡದು. ದೀಪಶ್ರೀಗೆ ಸಂಬಂಧ ಕೂಡಿಬಂದಿದೆ. ಹುಡುಗ ಭಾನುಪ್ರಕಾಶ್, ಹೊಸಕೋಟೆ ಕಡೆಯವರು, ದ್ರಾಕ್ಷಿ ತೋಟದ ಮನೆತನ. ಅವನು ಬ್ಯಾಂಕಿನಲ್ಲಿದ್ದಾನೆ. ಅಂಜಿನಮ್ಮನೇ ತಂದ ಸಂಬಂಧ. ಯುಗಾದಿ ಕಳೆದ ಮೇಲೆ ಒಂದು ಭಾನುವಾರ ನೋಡಲು ಬಂದಿದ್ದರು. ಹುಡುಗ, ತಾಯಿ, ಸೋದರಮಾವ. ಕೇಸರಿಬಾತು, ಹೀರೇಕಾಯಿ ಬಜ್ಜಿ ನಾನೇ ಮಾಡಿದ್ದೆ. ಹುಡುಗನ ತಾಯಿ ಕೇಸರಿಬಾತನ್ನು ಎರಡನೇ ಸಲ ಹಾಕಿಸಿಕೊಂಡರಂತೆ. ಹುಡುಗ ಹೆಚ್ಚು ಮಾತಾಡುವವನಲ್ಲವಂತೆ, ಆದರೆ ದೀಪಶ್ರೀ ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರ ಕೊಟ್ಟನಂತೆ. ಸೋದರಮಾವನವರು ಹಳೆಯ ಕಾಲದ ಸಂಬಂಧವೊಂದನ್ನು ಹುಡುಕಿ ನಮ್ಮ ಮನೆಯವರಿಗೆ ವರಸೆಯಲ್ಲಿ ಭಾವ ಆಗಬೇಕೆಂದು ಹೇಳಿ ಎಲ್ಲರನ್ನೂ ನಗಿಸಿದರಂತೆ. ಮರಿಯನ್ನು ತಾರಸಿಯ ರೂಮಿನಲ್ಲಿ ಇಟ್ಟಿದ್ದೆವು. ಆಗಿನ್ನೂ ಮುಖದ ಕೂದಲು ಪೂರ್ತಿ ಬಂದಿರಲಿಲ್ಲ, ಬಂದವರ ಕಣ್ಣಿಗೆ ಬೀಳಬಾರದೆಂದು ಅಂಜಿನಮ್ಮ ಹೇಳಿದ್ದಳು.

ಅವರಿಗೂ ಒಪ್ಪಿಗೆ, ಇವಳಿಗೂ ಒಪ್ಪಿಗೆ. ಆಷಾಢ ಕಳೆದು ಶ್ರಾವಣದಲ್ಲಿ ನಿಶ್ಚಿತಾರ್ಥ. ಫೋನಿನಲ್ಲಿ ಹುಡುಗನ ಜೊತೆ ಮಾತಾಡುವಾಗ ದೀಪಶ್ರೀ ಬಾಲ್ಕನಿಯಲ್ಲಿ ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಿಸುತ್ತಿರುತ್ತಾಳೆ. ನೋಡಿ ನಗು ಬರುತ್ತದೆ.

ದ್ಯಾಮಣ್ಣನವರಿಗೂ ನಿನಗೂ ಪತ್ರಿಕೆ ಕಳಿಸುತ್ತೇವೆ, ಆದರೆ ಅದಕ್ಕೆ ಕಾಯಬೇಡಿ, ಈ ಕಾಗದವನ್ನೇ ಕರೆಯೆಂದು ತಿಳಿಯಿರಿ. ನಿನ್ನ ಮನೆಯ ಮಕ್ಕಳಿಗೆಲ್ಲ ಒಳ್ಳೆಯದಾಗಲಿ. ನಿನ್ನ ಕೈ ಹಿಡಿದು ಕೂತು ಮಾತಾಡಿ ಎಷ್ಟು ಕಾಲವಾಯಿತು.

ನಿನ್ನ
ನಾಗು

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನೀನು ಓದಿದ ಕೂಡಲೇ ಕೇಳುವ ಮಾತು ನನಗೆ ಗೊತ್ತು. ಹೆಣ್ಣು ನೋಡುವ ದಿನದ್ದನ್ನೆಲ್ಲ ಅಂತೆ, ಅಂತೆ ಎಂದು ಬರೆದಿದ್ದೀಯಲ್ಲ, ನೀನು ಎಲ್ಲಿದ್ದೆ ಎಂದು.

ತಾರಸಿಯ ರೂಮಿನಲ್ಲಿದ್ದೆ, ಮರಿಯ ಜೊತೆ. ನಾನು ತವರಿಗೆ ಹೋಗಿದ್ದೇನೆ, ನನ್ನ ಅಣ್ಣನಿಗೆ ಹುಷಾರಿಲ್ಲ ಎಂದು ಬಂದವರಿಗೆ ಹೇಳಿದರು.

ಯಾರೂ ನನ್ನನ್ನು ಮೇಲೆ ಹೋಗು ಎನ್ನಲಿಲ್ಲ, ಗಂಗಾ. ಹಿಂದಿನ ಸಂಜೆ ಎಲ್ಲರೂ ಅಡುಗೆಮನೆಯ ಹತ್ತಿರವೇ ಇದ್ದೆವು. ಅಂಜಿನಮ್ಮ, "ನಾಯಿ ಮ್ಯಾಲಿರ್ಲಿ. ನೋಡ್ದೋರು ಇದು ನಮ್ ಹುಡ್ಗೀಗೂ ಬತ್ತೈತೇನೋ ಅಂತ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಅವಳು ನಾಯಿಯ ವಿಷಯ ಹೇಳುತ್ತಿಲ್ಲವೆಂದು ಎಲ್ಲರಿಗೂ ತಿಳಿಯಿತು. ಆಗ ನಾನೇ, "ನಾನೂ ಮೇಲೇ ಇದ್ಬಿಡ್ತೀನಿ. ಮರಿ ಒಂದೇ ಇದ್ರೆ ಕೂಗುತ್ತೆ," ಎಂದೆ. ಅಷ್ಟು ಹೇಳಿ ತಟ್ಟೆ ಒರೆಸುತ್ತಾ ನಿಂತೆ. ಬೇಡ ಎಂದು ಇವರು ಹೇಳುತ್ತಾರೆ ಎಂದುಕೊಂಡೆ. ಇವರು ಚಾರ್ಜಿಗೆ ಇಟ್ಟಿದ್ದ ಫೋನು ತೆಗೆದುಕೊಂಡು ಆಚೆ ಹೋದರು. ದೀಪಶ್ರೀ ಸೀರೆಗೆ ಬಳೆ ಹೊಂದಿಸಿ ನೋಡುತ್ತಿದ್ದಳು. ಅವಳ ಕೈ ನಿಂತಿತು. ಅವಳಾದರೂ ಹೇಳುತ್ತಾಳೆ ಎಂದುಕೊಂಡೆ. ಒರೆಸಿದ ತಟ್ಟೆಯನ್ನೇ ಇನ್ನೊಂದು ಸಲ ಒರೆಸಿದೆ. ಬಳೆ ಮತ್ತೆ ಸದ್ದು ಮಾಡಿತು.

ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಅಷ್ಟು ಭಯವಿತ್ತೆಂದು ನನಗೆ ಗೊತ್ತಿರಲಿಲ್ಲ. ಬಂದವರು ಹೋದ ಮೇಲೆ ರೇಷ್ಮೆ ಸೀರೆಯಲ್ಲೇ ಮೆಟ್ಟಿಲು ಹತ್ತಿ ನನಗೆ ಕೇಸರಿಬಾತು, ಮರಿಗೆ ಹಾಲು ತಂದಳು. "ಹುಡುಗ ಒಳ್ಳೆಯವನ ಥರ ಇದಾನೆ ಅಮ್ಮ," ಎಂದಳು. ಮರಿಯ ತಲೆ ಸವರುತ್ತಾ ಹೇಳಿದಳು, ನನ್ನ ಮುಖ ನೋಡಲಿಲ್ಲ. ನನಗೆ ನಾಚಿಕೆ ಬೇರೆಯದಕ್ಕೆ. ಕೆಳಗೆ ಎಲ್ಲರೂ ನಕ್ಕ ಸದ್ದು ಕೇಳಿದಾಗ ಪುಟಾಣಿ ಕಿವಿ ನೆಟ್ಟಗೆ ಮಾಡಿ ಬೊಗಳಲು ಹೊರಟಿತು. ನಾನು ಅದರ ಮೂತಿಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದೆ. ಅದು ಬಿಡಿಸಿಕೊಳ್ಳಲು ನೋಡಿತು, ಆಮೇಲೆ ಸುಮ್ಮನಾಯಿತು. ಆ ಮುಖದಲ್ಲಿ ಇನ್ನೂ ಗಾಯ ಪೂರ್ತಿ ಮಾಯಿರಲಿಲ್ಲ.

ಮೊನ್ನೆ ಹುಡುಗನ ತಾಯಿ ಫೋನ್ ಮಾಡಿದ್ದರು. ಒಳ್ಳೆಯ ಹೆಂಗಸು, ದನಿಯಲ್ಲೇ ಗೊತ್ತಾಗುತ್ತದೆ. "ಅಕ್ಕಾ, ನಿಮ್ಮಣ್ಣಂಗೆ ವಾಸಿ ಆಯ್ತಾ?" ಎಂದು ಕೇಳಿದರು. ನನಗೆ ಅಣ್ಣನೇ ಇಲ್ಲವೆನ್ನುವುದು ನಿನಗೆ ಗೊತ್ತು. "ನಾನು ಊರಿಗೆ ಹೋಗಿರ್ಲಿಲ್ಲ ಕಣಮ್ಮ. ಆವತ್ತು ಮೇಲಿನ ರೂಮಲ್ಲೇ ಇದ್ದೆ," ಎಂದೆ. ಹೇಗೆ ಬಾಯಿಗೆ ಬಂತೋ ತಿಳಿಯದು. "ಯಾಕಕ್ಕಾ?" ಎಂದರು.

ಹೇಳಬಹುದಿತ್ತು. ಒಂದೇ ಶಬ್ದ ಹೇಳಿದ್ದರೆ ಮುಗಿಯುತ್ತಿತ್ತು. "ನಾಯಿಮರಿಗೆ ಹುಷಾರಿರ್ಲಿಲ್ಲ," ಎಂದೆ.

"ಪಾಪ, ಈಗ?"

"ಈಗ ಕೂದ್ಲೆಲ್ಲ ಬಂದಿದೆ."

ಶ್ರಾವಣದ ತನಕ ಇದನ್ನು ಎದೆಯಲ್ಲಿಟ್ಟುಕೊಂಡು ನಾನು ಇರಲಾರೆ. ಅದಕ್ಕೆ ಮೊದಲೇ ಹೊಸಕೋಟೆಗೆ ಹೋಗಿ ಅವರ ಎದುರಿಗೆ ಕೂತು ಬರಬೇಕೆಂದಿದ್ದೇನೆ, ಸೆರಗು ಹೊದೆಯದೆ. ಮನೆಯಲ್ಲಿ ಹೇಳಿಲ್ಲ. ಅವರು ಸಂಬಂಧ ಬೇಡವೆಂದರೆ ಮಗಳಿಗೆ ಹೇಗೆ ಮುಖ ತೋರಿಸಲಿ ಎನ್ನುವುದೂ ತಿಳಿಯದು. ನೀನು ನನ್ನ ಜೊತೆಗೆ ಬರುತ್ತೀಯಾ, ಗಂಗಾ? ಒಬ್ಬಳೇ ಹೋಗಲು ನನಗೆ ನಾಚಿಕೆಯಾಗುತ್ತದೆ.